ಕೋರಿಕೆಯಲ್ಲ, ಕೂರಿಗೆ

ಹುತ್ತೂರಿನ ಸುಬ್ಬರಾಯಪ್ಪನವರು ಜರ್ಮನಿಯಲ್ಲಿ ಅಲ್ಲಿನ ಸಾಹಿತ್ಯ ಓದಿ, ಹಳೆಯ ಕವಿಯೊಬ್ಬನ ಹಸ್ತಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡಿ, ಡಾಕ್ಟರೇಟ್ ಪಡೆದು ೧೯೩೫ರಲ್ಲಿ ಮರಳಿದರು. ಮದರಾಸಿನ ಕಾಲೇಜೊಂದರಲ್ಲಿ ನಾಲ್ಕು ವರ್ಷ ಜರ್ಮನ್ ಕಲಿಸಿದರು. ಯುದ್ಧ ಶುರುವಾದ ಮೇಲೆ ಆ ತರಗತಿಗೆ ಯಾರೂ ಸೇರಲಿಲ್ಲ, ಕೆಲಸ ಹೋಯಿತು. ಊರಿಗೆ ಬಂದವರು, ಮುಳಬಾಗಿಲಿನ ಒಂದು ಮನೆಯಲ್ಲಿ ಸಿಕ್ಕ ಎರಡು ತಾಳೆಗರಿ ಪ್ರತಿಗಳಿಂದ ಹಳೆಯ ಕನ್ನಡ ಕಾವ್ಯವೊಂದನ್ನು ಅದೇ ಕ್ರಮದಲ್ಲಿ ಸಂಪಾದಿಸತೊಡಗಿದರು.

ಒಂದು ಸಾಲು ಮಾತ್ರ ಅರ್ಥವಾಗಲಿಲ್ಲ. ಎರಡೂ ಪ್ರತಿಗಳಲ್ಲಿ ರೈತ ‘ಕೋರಿಕೆ ಹೂಡಿದನು’ ಎಂದೇ ಇತ್ತು. ಅದನ್ನವರು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ, ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದ ಸೋದರತ್ತೆ ಅಶ್ವತ್ಥಮ್ಮ ತಲೆ ಎತ್ತಿದರು. ಅವರಿಗೆ ಓದು ಬರುತ್ತಿರಲಿಲ್ಲ.

“ಕೋರಿಕೆ ಯಾರಾದ್ರೂ ಹೂಡ್ತಾರೇನೋ? ಅದು ಕೂರಿಗೆ ಕಣೋ, ರಾಗಿ ಬಿತ್ತೋ ಕೂರಿಗೆ.”

“ಎರಡರಲ್ಲೂ ಹಿಂಗೇ ಬರ್ದವ್ರೆ ಅತ್ತೆ.”

“ಬರ್ದೋನು ಹೊಲ ಕಂಡಿಲ್ಲ ಬಿಡು.”

ಪ್ರತಿಯಲ್ಲಿಲ್ಲದ್ದನ್ನು ಸೇರಿಸಿದರೆ ಕಾರಣ ಹೇಳಬೇಕು ಎಂಬುದು ಸುಬ್ಬರಾಯಪ್ಪನವರು ಕಲಿತ ಶಿಸ್ತು. ಎರಡು ದಿನ ಯೋಚಿಸಿ ‘ಕೂರಿಗೆ’ ಎಂದು ತಿದ್ದಿದರು. ೧೯೪೪ರಲ್ಲಿ ಪುಸ್ತಕ ಅಚ್ಚಾದಾಗ ಆ ಪುಟದ ಅಡಿಟಿಪ್ಪಣಿಯಲ್ಲಿ ‘ಪ್ರತಿಗಳಲ್ಲಿ ಕೋರಿಕೆ; ತಿದ್ದುಪಡಿ ಹುತ್ತೂರಿನ ಅಶ್ವತ್ಥಮ್ಮನವರದು’ ಎಂದಿತ್ತು. ಅತ್ತೆಯ ಬೆರಳು ಹಿಡಿದು ಆ ಹೆಸರಿನ ಮೇಲಿಟ್ಟರು.

“ಇಷ್ಟು ಸಣ್ಣಗೆ ಹಾಕ್ಸಿದ್ದೀಯಲ್ಲೋ” ಎಂದ ಅಶ್ವತ್ಥಮ್ಮ, ಪುಸ್ತಕವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.