ಹಿಟ್ಟಿನ ಮೇಲೆ ಐದು ಬೆರಳು

ಆಂಧ್ರದ ದೇವನಕೊಂಡದ ಕಡೆಯ ಒಂದು ಹಳ್ಳಿಯಲ್ಲಿ ಈಶ್ವರಿ ಬಟ್ಟೆ ಹೊಲಿಯುತ್ತಾಳೆ. ಊರಿನ ಅರ್ಧ ಹೆಂಗಸರ ಜಂಪರು ಅವಳ ಕೈಯವೇ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವಳು ಇನ್ನೇನೋ ಗೀಚುತ್ತಾಳೆಂಬುದು ಮಾತ್ರ ಮೊನ್ನೆಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲು ತೆಲುಗಿನಲ್ಲಿ ಬರೆದಳು. ಎಂಟನೇ ಕ್ಲಾಸಿನವರೆಗೆ ಕಲಿತದ್ದು ಅದೇ ತಾನೆ. ಬರೆದದ್ದೆಲ್ಲ ಮೇಷ್ಟರಿಗೆ ಕೊಡುವ ರಜೆ ಚೀಟಿಯಂತೆ ಬಿಗಿಯಾಯಿತು. ಬೇಸತ್ತು ಒಂದು ದಿನ, ಅಕ್ಷರ ತೆಲುಗಿನವೇ ಇರಲಿ, ಮಾತು ಮನೆಯ ಕನ್ನಡವಾಗಲಿ ಎಂದು ಕೂತಳು. ಅಷ್ಟೇ, ಪೆನ್ನು ನಿಲ್ಲಲೇ ಇಲ್ಲ. ಮಾರ್ಕು ಹಾಕುವವರಿಲ್ಲ, ತಿದ್ದುವವರಿಲ್ಲ. ಬಾಯಿಗೆ ಬಂದದ್ದೆಲ್ಲ ಕೈಗೆ ಬಂತು. ಎಂಥ ಸುಖ ಅದು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಓದುಬಾರದ ಅತ್ತೆಯ ವಿಷಯವನ್ನೂ ಬಿಡಲಿಲ್ಲ ಮಹಾತಾಯಿ.

ನೆರೆಮನೆಯ ಮಹೇಶ್ವರಿ ಹೊಲಿಯಲು ಕೊಟ್ಟಿದ್ದ ಜಂಪರು ಒಯ್ಯುವಾಗ ಬಟ್ಟೆಯ ಜೊತೆ ಆ ಪುಸ್ತಕವೂ ಅವಳ ಚೀಲ ಸೇರಿತು. ಮರುದಿನ ಮಧ್ಯಾಹ್ನ ಹೆಂಗಸರೆಲ್ಲ ಊರಿನ ರೈತ ಮಾರೆಣ್ಣನ ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಾಗ ಅವಳು ಅದನ್ನು ಬಿಚ್ಚಿ ಗಟ್ಟಿಯಾಗಿ ಓದತೊಡಗಿದಳು. ತಡವಾಗಿ ಬಂದ ಈಶ್ವರಿಗೆ ಬಾಗಿಲಲ್ಲೇ ತನ್ನ ಮಾತು ಕೇಳಿಸಿತು. ಗುಂಪಿನ ನಡುವೆ ಅತ್ತೆ ಬಸಲಿಂಗಮ್ಮ ಕೂತಿದ್ದಳು.

"ನಮ್ಮತ್ತಿ ಹೊಲಕ್ಕ ಹೋಗುವಾಗ ಜೋಳದ ಹಿಟ್ಟಿನ ಮ್ಯಾಲ ಐದು ಬೆರಳು ಒತ್ತಿ ಹೋಗತಿದ್ಲು, ನಾ ಕದ್ದು ರೊಟ್ಟಿ ಮಾಡಿಕೊಂಡ್ರ ಗೊತ್ತಾಗಲಿ ಅಂತ. ನಾ ಬಸುರಿ, ಹಸಿವು ತಡೀಲಿಲ್ಲ. ಒಂದು ರೊಟ್ಟಿ ಬಡಿದು ತಿಂದು, ಹಿಟ್ಟು ಸಮ ಮಾಡಿ ನನ್ನ ಬೆರಳು ಒತ್ತಿದೆ. ದಿನಾ ಒತ್ತಿದೆ. ಮುದುಕಿಗಿ ಇವತ್ತಿಗೂ ಗೊತ್ತಿಲ್ಲ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅದಾದ ಈ ಇಪ್ಪತ್ತು ವರ್ಷದಲ್ಲಿ ಅತ್ತೆ-ಸೊಸೆ ಒಂದೇ ತಾಟಿನಲ್ಲಿ ಉಣ್ಣುವಷ್ಟು ಹೊಂದಿಕೊಂಡಿದ್ದರು. ಅದೆಲ್ಲ ಇವತ್ತಿಗೆ ಮುಗಿಯಿತು ಎಂದುಕೊಂಡ ಈಶ್ವರಿ ಓಡಿಬಂದು ಪುಸ್ತಕ ಕಸಿದುಕೊಂಡಳು.

"ತಪ್ಪಾತ್ರಿ ಅತ್ತಿ. ಹರಿದು ಒಲಿಗೆ ಹಾಕತೀನಿ."

ಬಸಲಿಂಗಮ್ಮ ಕೈಯಲ್ಲಿದ್ದ ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕಿದಳು.

"ಹರಿಯೋದು ಯಾಕ? ತಪ್ಪು ಬರದೀದಿ, ತಿದ್ದು. ಎಲ್ಲಿ, ಕೈ ಕೊಡು."

ಸೊಸೆಯ ಅಂಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಸೊಸೆಯ ಬೆರಳು ಒಂದು ಗೆಣ್ಣು ಗಿಡ್ಡವಿದ್ದವು.

"ನೋಡ್ರೇ, ಈ ಕೂಸಿನ ಕೈ ನನ್ನ ಕೈ ಅಂತ ನಂಬತೀನೇನು? ಮೊದಲ್ನೇ ದಿನಾನೇ ಗೊತ್ತಾತು. ಹೊಟ್ಯಾಗ ಕೂಸು ಐತಿ, ತಿನ್ನಲಿ ಅಂತ ಸುಮ್ಮನಿದ್ದೆ."

"ಮತ್ತ ದಿನಾ ಯಾಕ ಒತ್ತತಿದ್ರಿ?" ಎಂದಳು ಈಶ್ವರಿ.

"ಅತ್ತಿ ಅನಿಸಿಕೋಬೇಕಲ್ಲ!"

ಅಂಗಳವೆಲ್ಲ ನಕ್ಕಿತು. ಈಶ್ವರಿಗೆ ನಗು ಬಂತು, ಹಿಂದೆಯೇ ಅಳು ಬಂತು. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ಕಳ್ಳತನ ಇಳಿದು ಮೈ ಹಗುರಾಯಿತು. ಬರೆಯದೇ ಹೋಗಿದ್ದರೆ ಈ ಮಾತು ಸಾಯುವ ತನಕ ತನಗೆ ಸಿಗುತ್ತಿರಲಿಲ್ಲವಲ್ಲ ಎನಿಸಿತು. ಅಲ್ಲೇ ಕೂತು ಅತ್ತೆ ಹೇಳಿದ್ದನ್ನು ಸೇರಿಸಿ ಬರೆದಳು. "ನಮ್ಮನಿದೂ ಬರಿ" ಎಂದು ಪಕ್ಕದಲ್ಲಿ ಸುಲಿಯುತ್ತಿದ್ದ ಅಂಬಮ್ಮ ಆಗಲೇ ಗಂಟುಬಿದ್ದಿದ್ದಳು.

ಬರೆದದ್ದನ್ನು ಈಶ್ವರಿ ತಾನೇ ಓದತೊಡಗಿದಾಗ ಬಸಲಿಂಗಮ್ಮ ಕೈ ಎತ್ತಿ ತಡೆದಳು.

"ಮುದುಕಿ ಅಂತ ಬರದದ್ದು ಹಂಗ ಐತೇನು?"

"ಐತ್ರಿ. ಹೊಡದು ಹಾಕಲೇನು?"

"ಬ್ಯಾಡ, ಇರಲಿ. ಓದು."