ಪೌಡರಿನ ಡಬ್ಬಿಯೂ ನಮ್ಮ ಟಗರೂ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ನಾನು ಜಿಪ್ ಹಚ್ಚುತ್ತಿದ್ದೆ. ದಿನವಿಡೀ ಕೂತು ಮಾಡುವ ಕೆಲಸ. ಬೆರಳು ಚುರುಕಾದವು, ತೋಳು ಮಾತ್ರ ನುಗ್ಗೆಕಾಯಿಯಂತೆಯೇ ಉಳಿದವು. ಮಾವನ ಮಗಳನ್ನು ಮದುವೆಯಾಗುವ ಆಸೆ ಹುಟ್ಟುವ ತನಕ ಅದರ ಬಗ್ಗೆ ನನಗೆ ಬೇಜಾರೇನೂ ಇರಲಿಲ್ಲ.

ಅಮರಾಪುರದ ಕಡೆ ನಮ್ಮದು ಕುರಿ ಸಾಕುವ ಮನೆ. ಅವ್ವನ ಅಣ್ಣನೇ ನನ್ನ ಮಾವ. ಅದೇ ಊರಿನ ಅವನ ಮನೆಯಲ್ಲೊಂದು ರೂಢಿಯಿತ್ತು. ಹೆಣ್ಣು ಕೇಳುವ ಹುಡುಗ ತನ್ನ ಮನೆಯ ಟಗರನ್ನು, ಉಣ್ಣೆ ಕತ್ತರಿಸುವ ಮುಂಚೆ, ಕೆರೆಯಲ್ಲಿ ತೊಳೆದು ಹೆಗಲ ಮೇಲೆ ಹೊತ್ತು ಅವರ ಬಾಗಿಲಿಗೆ ತರಬೇಕು. ದಾರಿಯಲ್ಲಿ ಉಣ್ಣೆಗೆ ಮಣ್ಣು ತಾಗಿದರೆ ಸಂಬಂಧದ ಮಾತು ಅಲ್ಲಿಗೇ ಮುಗಿಯಿತು.

"ನಿನ್ನ ನೋಡುದ್ರೆ ಟಗರೇ ನಿನ್ನ ಹೊತ್ಕಂಡ್ ಬತ್ತದೆ ಕಣೋ," ಎಂದ ಮಾವ, ಊರಿಗೆ ಹೋದಾಗ ನಾನು ಆಸೆ ಹೇಳಿಕೊಂಡಿದ್ದಕ್ಕೆ. ಬಾಗಿಲ ಹಿಂದೆ ಅವನ ಮಗಳು ಕಿಸಕ್ಕೆಂದಳು. ಆ ನಗು ಕೇಳಿ ಅವಮಾನವಾಗಬೇಕಿತ್ತು, ನನಗೆ ಖುಷಿಯಾಯಿತು. ಹುಚ್ಚು ಹಿಡಿದವನಿಗೆ ಇನ್ನೇನಾಗುತ್ತದೆ?

ರಾಯದುರ್ಗಕ್ಕೆ ಮರಳಿದವನೇ ಜಿಮ್ಮಿನ ಪಕ್ಕದ ಅಂಗಡಿಯಲ್ಲಿ ಮೈ ಬೆಳೆಸುವ ಪೌಡರಿನ ಒಂದು ದೊಡ್ಡ ಡಬ್ಬಿ ಕೊಂಡೆ. ಮೇಲೊಬ್ಬ ಉಬ್ಬಿದ ಗಂಡಸಿನ ಚಿತ್ರ, ಒಳಗೆ ಕಂದು ಬಣ್ಣದ ಹಿಟ್ಟು. ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಅಕ್ಕ ಅದನ್ನು ತಿರುಗಿಸಿ ನೋಡಿ, "ಇದ್ಯಾಕ ಬೇಕ್ರಿ ಪೈಲ್ವಾನರ? ಶೇಂಗಾ ತಿನ್ರಿ, ಮೊಳಕಿ ಹುರುಳಿ ತಿನ್ರಿ. ನಮ್ಮ ಮನ್ಯಾಗ ಎಲ್ಲಾರೂ ಮೂಟಿ ಹೊರ್ತಾರ, ಒಬ್ರೂ ಡಬ್ಬಿ ಮಾರಿ ನೋಡಿಲ್ರಿ," ಎಂದಳು. ಪಾಪ, ವಿಜ್ಞಾನ ಗೊತ್ತಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಆರ್ಡರ್ ಕಡಿಮೆಯಾಗಿ ಯೂನಿಟ್ಟಿಗೆ ಎರಡು ತಿಂಗಳು ರಜೆ ಬಿತ್ತು. ಒಡೆಯದ ಡಬ್ಬಿಯನ್ನು ಊರಿಗೆ ತಂದು ಅವ್ವನ ಕೈಗಿಟ್ಟು, ದಿನಾ ಬೆಳಿಗ್ಗೆ ನನ್ನ ಹಾಲಿಗೆ ಇದರೊಳಗಿರುವ ಚಮಚದಲ್ಲಿ ಒಂದು ಅಳತೆ ಹಾಕು ಎಂದೆ. ಅವ್ವ ಮುಚ್ಚಳ ತೆಗೆದು ಮೂಸಿ ನೋಡಿ ತಲೆಯಾಡಿಸಿದಳು.

ಮಾರನೆಯ ದಿನದಿಂದ ಲೋಟದ ತುಂಬ ಗಟ್ಟಿ ಕಂದು ಹಾಲು. ಎಂಥ ರುಚಿ ಅಂತೀರಿ. ಬೆಲ್ಲದ ಸವಿ, ಏಲಕ್ಕಿಯ ಘಮ. ಕಂಪನಿಯವರು ನಮ್ಮ ನಾಲಿಗೆಯನ್ನು ಎಷ್ಟು ಚೆನ್ನಾಗಿ ಅರಿತಿದ್ದಾರೆ ಎಂದು ಹೊಗಳಿದ್ದೇ ಹೊಗಳಿದ್ದು. ಬಾವಿಯಿಂದ ನೀರು ಸೇದಿದೆ, ಶೇಂಗಾ ಚೀಲ ಎತ್ತಿಳಿಸಿದೆ, ಮುದ್ದೆಯ ಮೇಲೆ ಮುದ್ದೆ ನುಂಗಿದೆ. ತಿಂಗಳೊಪ್ಪತ್ತಿನಲ್ಲಿ ಅಂಗಿಯ ತೋಳು ಬಿಗಿಯಾಯಿತು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋಳು ಮಡಚಿ ತೋರಿಸಿ, "ಪೌಡರ್," ಎನ್ನುತ್ತಿದ್ದೆ. ಟಗರೂ ಯಾಕೋ ದುಂಡಗಾಗುತ್ತಿತ್ತು. ಆ ಕಡೆ ನನ್ನ ಗಮನವೇ ಹೋಗಲಿಲ್ಲ.

ಉಣ್ಣೆ ಕತ್ತರಿಸುವ ಕಾಲ ಬಂದಾಗ, ಹೆಣ್ಣು ಕೇಳಲು ಹೊರಟ ದಿನ, ಕೆರೆಯಲ್ಲಿ ಟಗರನ್ನು ತೊಳೆದು ಹೆಗಲಿಗೇರಿಸಿದೆ. ಇದು ನಮ್ಮ ಟಗರೇ? ನೀರು ಕುಡಿದ ಉಣ್ಣೆಯ ಭಾರ ಬೇರೆ. ಏರಿ ಹತ್ತಿದೆ. ಹುಣಸೆಮರ ದಾಟಿದೆ. ಮಾವನ ಬಾಗಿಲು ಕಣ್ಣಿಗೆ ಬಿದ್ದಾಗ ಭಾರ ತಾಳಲಾರದೆ ಮಂಡಿಯೂರಿಬಿಟ್ಟೆ. ಟಗರು ಹೆಗಲ ಮೇಲೆಯೇ ಇತ್ತು, ನಾನು ಮಾತ್ರ ಏಳಲಾರೆ. ಮುಗಿಯಿತು, ಅವಳು ಕೈತಪ್ಪಿದಳು ಅಂದುಕೊಂಡೆ.

ಹಿಂದೆ ಬರುತ್ತಿದ್ದ ಅವ್ವ ಓಡಿ ಬಂದು, ಎದುರಿಗೆ ಬಂದ ಮಾವನಿಗೆ ಹೇಳಿದಳು. "ತಪ್ಪು ನಂದು ಕಣಣ್ಣ. ಹೊಸ ಮೇವು ಏನೇ ಬಂದ್ರೂ ಮೊದ್ಲು ಟಗರಿಗೆ ಹಾಕಿ ನೋಡದಲ್ವಾ ನಾವು? ಆ ಪೌಡರ್ನೂ ಅದ್ರ ಬೂಸಕ್ಕೆ ಕಲ್ಸಿ ನೋಡ್ದೆ. ಒಗ್ಗಿದ್ರೆ ಇವ್ನಿಗೆ ಕೊಡಾಣ ಅಂತ. ಅದು ಡಬ್ಬಿ ಪೂರಾ ತಿಂದ್ಬುಡ್ತು."

"ಹಂಗಾದ್ರೆ ನಾನು ಕುಡಿದಿದ್ದು?"

"ರಾಗಿ ಹುರಿಹಿಟ್ಟು."

ಮಾವ ಹೊಟ್ಟೆ ಹಿಡಿದು ಅಲ್ಲೇ ಕೂತ. ಮಂಡಿಯೂರಿದ್ದ ನನಗೂ ನಗು ತಡೆಯಲಾಗಲಿಲ್ಲ. ನಾನು ನಕ್ಕಂತೆಲ್ಲ ಟಗರು ವಾಲತೊಡಗಿತು. ಆಗ ಬಾಗಿಲಿನಿಂದ ಮಾವನ ಮಗಳು ಬಂದಳು. ಸೆರಗು ಸಿಕ್ಕಿಸಿ, ಬಗ್ಗಿ, ನನ್ನ ಹೆಗಲಿನಿಂದ ತನ್ನ ಹೆಗಲಿಗೆ ಟಗರನ್ನು ಜಾರಿಸಿಕೊಂಡು ಎದ್ದು ನಿಂತಳು. ಹುಟ್ಟಿದಾಗಿನಿಂದ ಮುದ್ದೆ, ಹುರುಳಿ ಸಾರು ಉಂಡು ಕುರಿ ಎತ್ತಿದ ಮೈ. ಒಂದು ಏದುಸಿರೂ ಇಲ್ಲದೆ ಬಾಗಿಲವರೆಗೆ ನಡೆದು ಕಂಬಳಿಯ ಮೇಲೆ ಇಳಿಸಿದಳು.

"ಉಣ್ಣೆ ನೋಡಪ್ಪ," ಎಂದಳು. "ಮಣ್ಣು ಐತಾ?"

ಮಾವ ಉಣ್ಣೆಯೊಳಗೆ ಬೆರಳಾಡಿಸಿ ಹುಡುಕಿದ. ಬೇಕೆಂದೇ ತಡಮಾಡಿದ. ಒಂದು ಕಣ ಮಣ್ಣಿರಲಿಲ್ಲ.

ಈಗ ಅವಳೂ ಅದೇ ಯೂನಿಟ್ಟಿನಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಹೊಲಿಯುತ್ತಾಳೆ. ಪ್ಯಾಂಟಿನ ಗಂಟುಗಳನ್ನು ಮೇಲಿನ ಮಹಡಿಗೆ ಹೊರುವುದು ಅವಳು. ಬೆಳಿಗ್ಗೆ ಎದ್ದು ಇಬ್ಬರಿಗೂ ಹುರಿಹಿಟ್ಟು ಕಲಸುವುದು ನಾನು, ಆ ಡಬ್ಬಿಯ ಚಮಚದಲ್ಲೇ ಅಳೆದು.