ಪಂಪಣ್ಣನ ನೀರು, ಹೆಂಡತಿಯ ಕಾಲು

ಊರಿನ ಕೊಳಚೆಯೆಲ್ಲ ಬಂದು ಬೀಳುವ ಬಾವಿಯ ಪಕ್ಕದಲ್ಲಿ ಕೂತು ಪಂಪು ಓಡಿಸುವುದು ಅವನ ಕೆಲಸ. ಜೊತೆಯವರು ಪಂಪಣ್ಣ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಆ ಪಂಪಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ನೆಲದ ಮೇಲೆ ಒಂದು ದಾರದ ತುಂಡೂ ಬೀಳುವಂತಿರಲಿಲ್ಲ. "ರೀ, ಅಲ್ಲೇ ನಿಂತ್ಕೊಳ್ಳಿ! ನಲ್ಲಿ ಹತ್ರ ಕೈಕಾಲು ತೊಳ್ಕೊಳ್ಳಿ, ಆಮೇಲೆ ಮಾತು" ಎನ್ನುವುದೇ ದಿನಾ ಅವನಿಗೆ ಸಿಗುತ್ತಿದ್ದ ಸ್ವಾಗತ.

ಅಂಥವಳ ತೊಡೆಯಲ್ಲೇ ಕೀವು ತುಂಬಬೇಕೆ! ಮೆಟ್ಟಿಲಿಂದ ಬಿದ್ದು ಮೂಳೆ ಮುರಿದುಕೊಂಡಳು, ಆಸ್ಪತ್ರೆಯವರು ರಾಡು ಹಾಕಿದರು, ಅದರ ಜೊತೆಗೆ ಯಾವುದೋ ಹಠಮಾರಿ ರೋಗಾಣುವೂ ಸೇರಿಕೊಂಡಿತು. ಕೊಟ್ಟ ಔಷಧಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕಡೆಗೆ ಡಾಕ್ಟರಮ್ಮ ಕಾಲು ತೆಗೆಯುವ ಮಾತಾಡಿದರು. ಮಂಚದ ಮೇಲಿದ್ದವಳು, "ಒಂದೇ ಕಾಲಲ್ಲಿ ಮಿಷಿನ್ ತುಳಿಯೋದು ಹೇಗ್ರೀ?" ಎಂದಳು. 

ಡಾಕ್ಟರಮ್ಮ ಪಂಪಣ್ಣನನ್ನು ಹೊರಗೆ ಕರೆದರು. "ಕೊನೇದಾಗಿ ಒಂದು ದಾರಿ ಇದೆ. ರೋಗಾಣುವನ್ನೇ ಕೊಲ್ಲೋ ವೈರಸ್ ಇರುತ್ತೆ, ಕೊಳಚೆ ನೀರಲ್ಲಿ ಚೆನ್ನಾಗಿ ಸಿಗುತ್ತೆ. ನಿಮ್ಮ ಬಾವಿಯಿಂದ ಒಂದು ಬಾಟಲಿ ತಂದ್ಕೊಡಿ. ಲ್ಯಾಬಲ್ಲಿ ಹುಡುಕಿ, ಶುದ್ಧ ಮಾಡಿ, ಗಾಯಕ್ಕೆ ಬಿಡ್ತೀವಿ."

ಅವನು ಬೆಚ್ಚಿಬಿದ್ದ. "ಏನಮ್ಮ, ತಮಾಷೆನಾ? ಅವಳು ನನ್ನ ಚಪ್ಪಲೀನೂ ಒಳಗೆ ಬಿಡಲ್ಲ!"

ಆದರೂ ತಂದುಕೊಟ್ಟ. ವೈರಸ್ಸಿನ ವಿಷಯ ಡಾಕ್ಟರಮ್ಮ ಹೇಳಿದಾಗ ಅವಳು ಹೂಂ ಎಂದಳು. ಅದು ಎಲ್ಲಿಂದ ಬಂತೆಂದು ತಾನೇ ಹೇಳುತ್ತೇನೆ ಎಂದಿದ್ದ ಪಂಪಣ್ಣ ಬಾಯಿಗೆ ಬೀಗ ಹಾಕಿಕೊಂಡ.

ಲ್ಯಾಬಿನಲ್ಲಿ ಸಿಕ್ಕ ವೈರಸ್ಸನ್ನು ಗಾಯಕ್ಕೆ ಬಿಟ್ಟ ಮೇಲೆ ಅವಳ ಜ್ವರವೇನೋ ಇಳಿಯಿತು. ಅವನು ಉಸಿರು ಬಿಡುವಷ್ಟರಲ್ಲಿ ಹೊಸ ರಿಪೋರ್ಟ್ ಬಂತು.

"ಉಳಿದ ರೋಗಾಣು ಬದಲಾಗಿಬಿಟ್ಟಿದೆ. ಇನ್ನು ವೈರಸ್ ಅದನ್ನ ಏನೂ ಮಾಡಕ್ಕಾಗಲ್ಲ," ಎಂದರು ಡಾಕ್ಟರಮ್ಮ. ಹಾಗೆನ್ನುತ್ತ ನಗುತ್ತಿದ್ದರು!

 ಪಂಪಣ್ಣನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನೆ ಮುಳುಗ್ತಿದೆ, ನಿಮಗೆ ನಗು ಬರುತ್ತಾ?"

"ಸ್ವಲ್ಪ ಕೇಳಿ. ಈ ರೋಗಾಣು ಮೈಯಲ್ಲೇ ಒಂದು ಪಂಪ್ ಇಟ್ಕೊಂಡಿತ್ತು. ಕೊಟ್ಟ ಔಷಧೀನೆಲ್ಲ ಅದರಿಂದ ಹೊರಗೆ ಉಗೀತಿತ್ತು. ವೈರಸ್ ಒಳಗೆ ನುಗ್ಗೋದೂ ಆ ಪಂಪನ್ನ ಹಿಡ್ಕೊಂಡೇ. ಅದರಿಂದ ತಪ್ಪಿಸ್ಕೊಳ್ಳಕ್ಕೆ..."

"ಪಂಪನ್ನೇ ಕಿತ್ತಾಕಿದೆಯಾ?" ಪಂಪಣ್ಣ ಮಾತು ಪೂರೈಸಿದ. ಪಂಪು ನಿಂತರೆ ಬಾವಿಯ ಗತಿ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಹಾಗಾದ್ರೆ ಈಗ ಔಷಧಿ ಕೊಟ್ರೆ, ಅದು ಒಳಗೇ ತುಂಬ್ಕೊಂಡು ರೋಗಾಣು ಸಾಯುತ್ತೆ!"

"ಇದಕ್ಕೇ ಕಾಯ್ತಿದ್ದೆ. ಕೆಲಸಕ್ಕೆ ಬರಲ್ಲ ಅಂತ ಬಿಟ್ಟಿದ್ವಲ್ಲ, ಆ ಹಳೇ ಔಷಧೀನೇ ಇವತ್ತಿಂದ ಶುರು."

ಕಾಲು ಉಳಿಯಿತು. ಅವಳು ಮನೆಗೆ ಬಂದು ಮತ್ತೆ ಮಿಷಿನ್ ತುಳಿದ ದಿನ, ಕೆಲಸದಿಂದ ಬಂದ ಪಂಪಣ್ಣ ಹಿತ್ತಿಲ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟ. ಮಿಷಿನ್ ಸದ್ದು ನಿಂತಿತು. ಅವಳು ತನ್ನ ಕಾಲನ್ನು ನೋಡಿದಳು, ಅವನನ್ನು ನೋಡಿದಳು. 

"ನೀವು ದಿನಾ ತೊಳ್ಕೊಂಡು ಬರ್ತೀರಲ್ಲ, ಆ ಗಲೀಜು... ನನ್ನ ತೊಡೆ ಒಳಗಾ?"

"ಹೂಂ ಕಣೇ. ಶುದ್ಧ ಮಾಡಿದ್ರು."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ಕಾದ.

"ಅಯ್ಯೋ ನನ್ನ ಕರ್ಮವೇ! ಅಲ್ಲೇ ನಿಂತ್ಕೊಳ್ಳಿ," ಎಂದಳು.

ಎದ್ದಳು. ಗೋಡೆ ಹಿಡಿದು, ಎರಡೂ ಕಾಲಲ್ಲಿ ನಡೆದು ಬಂದು, ನಲ್ಲಿಯನ್ನು ತಾನೇ ತಿರುಗಿಸಿದಳು. ಅವನ ಕೊಳೆ ಮೆತ್ತಿದ ಕೈ ಹಿಡಿದು ತೊಳೆಯತೊಡಗಿದಳು. ಮದುವೆಯಾದ ಮೇಲೆ, ಅವನು ತೊಳೆದುಕೊಳ್ಳುವ ಮೊದಲೇ ಆ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.